ಆರ್ವೋನ ಹೊಸ ಬಂದೂಕು

ಉತ್ತರ ಮಿಷಿಗನ್ನಿನಲ್ಲಿ ಜಿಂಕೆ ಬೇಟೆಯ ಕಾಲ ಹತ್ತಿರವಾದರೆ ಮುದುಕ ಆರ್ವೋ ಲೆಹ್ತಿನೆನ್ ಬಂದೂಕಿನೊಂದಿಗೇ ಸಂಸಾರ ಹೂಡುತ್ತಾನೆ. ಈ ಸಲದ್ದು ಹೊಚ್ಚ ಹೊಸದು. ನಳಿಗೆ ಒರೆಸುತ್ತಾನೆ, ಅದರ ಮೇಲಿನ ಗುರಿ ದುರ್ಬೀನಿನ ತಿರುಪು ಬಿಗಿಯುತ್ತಾನೆ, ಮರಳುಚೀಲದ ಮೇಲಿಟ್ಟು ಗುರಿಹಲಗೆಗೆ ಹೊಡೆಯುತ್ತಾನೆ. ಗುಂಡು ಬೆರಳಗಲ ಸರಿದರೂ ನಳಿಗೆ ತಣಿಯುವವರೆಗೆ ಕಾದು ಮತ್ತೆ ಮೊದಲಿನಿಂದ ಶುರು. "ಸಾರು ಆರ್ತಾ ಇದೆ ಮಾರಾಯ, ಜಿಂಕೆ ಏನು ನಿನ್ಗೆ ಪರೀಕ್ಷೆ ಇಡುತ್ತಾ?" ಎಂದು ಹೆಂಡತಿ ಹೆಲ್ಮಿ ಕೂಗಿದರೆ, "ಇನ್ನೊಂದೇ ಒಂದು ಕಣೇ" ಎನ್ನುತ್ತಾನೆ, ಆ ಒಂದು ಸಂಜೆಯಾದರೂ ಮುಗಿಯುವುದಿಲ್ಲ. ಹೋದ ವರ್ಷ ಬಲಗಣ್ಣು ಮಂಜಾದದ್ದನ್ನು ಒಪ್ಪದೆ ಗುಂಡು ಹಾರಿಸಿದ್ದ. ಗಾಯಗೊಂಡು ಓಡಿದ ಜಿಂಕೆ ಹಿಮದಲ್ಲಿ ಎಷ್ಟು ಹುಡುಕಿದರೂ ಸಿಗಲಿಲ್ಲ. ಅದಕ್ಕೇ ಎಡಚರ ಬಂದೂಕು ತಂದು, ಈ ವಯಸ್ಸಿನಲ್ಲಿ ಎಡಗಣ್ಣಿಗೆ ಗುರಿ ಕಲಿಸುತ್ತಿದ್ದಾನೆ. "ಗುರಿ ಕೂರದೇ ಹೋದ್ರೆ?" ಎಂದು ಹೆಲ್ಮಿ ಮೆಲ್ಲಗೆ ಕೇಳಿದಳು. "ಈ ವರ್ಷ ಕಾಡಿಗೆ ಹೋಗಲ್ಲ" ಎಂದು ಆರ್ವೋ ಎಡಗೈಯಲ್ಲಿ ಬಂದೂಕಿನ ಬೋಲ್ಟ್ ಹಿಂದಕ್ಕೆಳೆದು ಮತ್ತೊಂದು ತೋಟಾ ತುಂಬಿದ.