ಕಣ್ಣಿನ ಔಷಧಕ್ಕೆ ಅಂಟಿಸಿದ ಚೀಟಿ

ಬೆಳಗಾವಿಯಲ್ಲಿ ಮದುವೆ ಕಾರ್ಡುಗಳಿಗೆ ಅಕ್ಷರ ಜೋಡಿಸುವುದು ನನ್ನ ಕೆಲಸ. ಅದರ ಚಾಳಿ ಮನೆಗೂ ಬಂದುಬಿಟ್ಟಿದೆ. ಚಹಾಪುಡಿ ಪೊಟ್ಟಣದ ದುಂಡಗಿನ ದಪ್ಪಕ್ಷರ ಕಂಡರೆ ಖುಷಿಯಾಗುತ್ತದೆ. ಗೀಸರಿನ ಗುಂಡಿಯ ಸುತ್ತ ಬಿಳಿಯ ಮೇಲೆ ಬೂದು ಬಣ್ಣದಲ್ಲಿ ಏನೋ ಬರೆದಿದ್ದಾರೆ, ಅದನ್ನು ಕಂಡರೆ ಸಿಟ್ಟು. "ಜಳಕಾ ಮಾಡಾಕ ಹೋಗಿಯೋ, ಓದಾಕ ಹೋಗಿಯೋ?" ಎಂದು ಗಂಡ ಹೊರಗಿನಿಂದ ಕೂಗುತ್ತಾನೆ.

ಖಾನಾಪುರದಲ್ಲಿರುವ ನಮ್ಮ ಅತ್ತೆ, ಅಪ್ಪನ ತಂಗಿ, ಕಣ್ಣಿನ ಪೊರೆ ತೆಗೆಸಿಕೊಂಡಾಗ ನೋಡಿಕೊಳ್ಳಲು ನಾನು ಹೋಗಿದ್ದೆ. ಅವಳ ಕಣ್ಣಿಗೊಂದು ಹನಿ ಔಷಧ. ಅದೇ ಹೊತ್ತಿಗೆ ಮಾವನ ಕಿವಿ ಸೋರುತ್ತಿತ್ತು, ಅದಕ್ಕಿನ್ನೊಂದು. ಎರಡೂ ಒಂದೇ ಅಳತೆಯ ಬಿಳಿ ಬಾಟಲಿ, ಒಂದೇ ಹಸಿರು ಮುಚ್ಚಳ. ಕಂಪನಿಯ ಹೆಸರು ಢಾಳಾಗಿತ್ತು. ಕಣ್ಣಿಗೋ ಕಿವಿಗೋ ಎಂಬುದು ಮಾತ್ರ ಇರುವೆ ಸಾಲಿನಂಥ ಇಂಗ್ಲಿಷಿನಲ್ಲಿ.

ಒಂದು ದಿನ ಪ್ರೆಸ್ಸಿಗೆ ಹೋಗಿದ್ದವಳು ಎರಡು ಚೀಟಿ ಮುದ್ರಿಸಿ ತಂದು ಬಾಟಲಿಗಳಿಗೆ ಅಂಟಿಸಿದೆ. 'ಕಣ್ಣಿಗೆ', 'ಕಿವಿಗೆ'. ನಮ್ಮ ಗಿರಾಕಿಗಳು ಮುಗಿಬಿದ್ದು ಕೇಳುವ ಅಕ್ಷರ ಅದು. ತಲೆಕಟ್ಟು ಬಳ್ಳಿಯ ಕುಡಿಯಂತೆ ಬಲಕ್ಕೆ ಚಾಚಿ ಸುರುಳಿಯಾಗುತ್ತದೆ, ಒತ್ತಕ್ಷರ ಕೆಳಗೆ ಮೊಗ್ಗಿನಂತೆ ಮುದುಡಿರುತ್ತದೆ. ಅತ್ತೆ ಒಂದೇ ಕಣ್ಣಿನಲ್ಲಿ ನೋಡಿ, "ಲಗ್ನಕ್ಕ ಕರದಂಗ ಐತಲ್ಲವ್ವಾ!" ಎಂದು ನಕ್ಕಳು.

ಮರುದಿನ ಬೆಳಿಗ್ಗೆ ನಾನು ರೊಟ್ಟಿ ಬಡಿಯುತ್ತಿದ್ದೆ. ಹನಿ ತಾನು ಹಾಕುತ್ತೇನೆಂದು ಮಾವ ಹೋದರು. ಸ್ವಲ್ಪ ಹೊತ್ತಿನಲ್ಲೇ, "ಅಯ್ಯಯ್ಯ, ಉರಿ, ಉರಿ!" ಎಂದು ಅತ್ತೆ ಚೀರಿದ್ದು ಕೇಳಿ ಓಡಿದೆ. ಮಾವನ ಕೈಯಲ್ಲಿದ್ದದ್ದು 'ಕಿವಿಗೆ' ಎಂಬ ಬಾಟಲಿ.

"ಮಾವಾ, ಕಿವಿದು ಕಣ್ಣಿಗೆ ಹಾಕೀರಲ್ರೀ!"

"ಕಿವಿದು ಇದಲ್ಲ, ಅದು. ಕಾನ್ ಅಂತ ನೀನ ಬರದೀಯಲ್ಲ?"

ಮಾವ ಕಲಿತದ್ದು ಮರಾಠಿ ಸಾಲಿಯಲ್ಲಿ. ಕನ್ನಡವನ್ನು ನಮ್ಮಂತೆಯೇ ಮಾತಾಡುತ್ತಾರೆ, ಆದರೆ ಓದುವುದು ಒಂದೊಂದೇ ಅಕ್ಷರ ಕೂಡಿಸಿ. ಚಾಚಿದ ಕುಡಿಯಿಂದಾಗಿ ನನ್ನ 'ಕ' ಅವರಿಗೆ 'ಕಾ' ಆಗಿತ್ತು, ಮುದುಡಿದ ಒತ್ತು ಲೆಕ್ಕಕ್ಕೇ ಬಂದಿರಲಿಲ್ಲ, 'ಕಣ್ಣಿಗೆ' ಹೋಗಿ 'ಕಾಣಿಗೆ' ಆಗಿತ್ತು. ಮರಾಠಿಯಲ್ಲಿ ಕಾನ್ ಎಂದರೆ ಕಿವಿ. ಅದು ಕಿವಿಯದೆಂದ ಮೇಲೆ ಉಳಿದದ್ದು ಕಣ್ಣಿನದೇ ಎಂದುಕೊಂಡು ಎರಡನೆಯ ಚೀಟಿಯನ್ನು ಅವರು ಓದಿರಲೇ ಇಲ್ಲ.

ಡಾಕ್ಟರಿಗೆ ಫೋನ್ ಮಾಡಿದೆ. "ಕಾಸಿ ಆರಿಸಿದ ನೀರು ಬಿಡ್ರಿ, ತಿಕ್ಕಬ್ಯಾಡ್ರಿ, ಲಗೂನ ಕರಕೊಂಡು ಬರ್ರಿ" ಎಂದರು. ಎರಡೂ ಬಾಟಲಿ ಹಿಡಿದುಕೊಂಡು ನೆರೆಮನೆಯವರ ಕಾರಿನಲ್ಲಿ ಬೆಳಗಾವಿಗೆ ಹೊರಟೆವು. ದಾರಿಯುದ್ದಕ್ಕೂ ಮಾವ 'ಕಣ್ಣಿಗೆ' ಎಂಬ ಬಾಟಲಿಯನ್ನು ತಿರುಗಿಸಿ ತಿರುಗಿಸಿ ನೋಡುತ್ತಿದ್ದರು.

"ಕ ಮುಂದ ಇದೇನು?"

"ಅದು ಚಂದ ಕಾಣಲಿ ಅಂತ ರೀ."

"ಹಂಗಾದ್ರ ಅಕ್ಷರ ಎಲ್ಲಿಗೆ ಮುಗೀತು, ಚಂದ ಎಲ್ಲಿಂದ ಸುರು ಆತು?"

ಬಾಟಲಿ ಇಸಿದುಕೊಂಡು ನೋಡಿದೆ. ಒಮ್ಮೆ 'ಕ' ಕಂಡಿತು, ಇನ್ನೊಮ್ಮೆ 'ಕಾ'. ವರ್ಷಗಟ್ಟಲೆ ನಾನೇ ಜೋಡಿಸಿದ ಅಕ್ಷರ ಯಾರದೋ ಬರಹದಂತೆ ಅಪರಿಚಿತವಾಯಿತು. "ನಿಮ್ಮ ಸಾಲಿ ಆಮ್ಯಾಲ ನಡಸ್ರಿ, ಇಲ್ಲಿ ನನ್ನ ಕಣ್ಣು ಹೊಂಟೈತಿ" ಎಂದು ಅತ್ತೆ ಗದರಿದಳು.

ಪುಣ್ಯಕ್ಕೆ ಆಪರೇಶನ್ನಿನ ಗಾಯಕ್ಕೆ ಏನೂ ಆಗಿರಲಿಲ್ಲ. ಕಣ್ಣು ಕೆಲವು ದಿನ ಕೆಂಪಗಿದ್ದು ತಿಳಿಯಾಯಿತು. ಅಂದು ಡಾಕ್ಟರು ಬಾಟಲಿಗಳನ್ನು ಬೆಳಕಿಗೆ ಹಿಡಿದು, "ನಿಮ್ಮ ಚೀಟಿ ಔಷಧದ ಹೆಸರನ್ನ ಮುಚ್ಚೈತಲ್ರಿ" ಎಂದಾಗ ಮಾತ್ರ ನಾನು ಪೂರ್ತಿ ತಬ್ಬಿಬ್ಬಾದೆ. ಓದಲಾಗದ ಅಕ್ಷರದ ಮೇಲೆ ಓದಲೆಂದು ಅಂಟಿಸಿದ್ದೆ, ಈಗ ಎರಡನ್ನೂ ಓದಲಾಗದು. ಮನೆಗೆ ಬಂದದ್ದೇ ಅತ್ತೆ ಚೀಟಿಗಳನ್ನು ಕಿತ್ತಳು. ಮಾವನ ಬಾಟಲಿ ಅವರ ಅಂಗಿಯ ಕಿಸೆಗೆ ಹೋಯಿತು, ತನ್ನದನ್ನು ದಿಂಬಿನ ಕೆಳಗೆ ಇಟ್ಟುಕೊಂಡಳು.

ಮೊನ್ನೆ ನಂದಗಡದ ಒಬ್ಬ ತಾಯಿ ಮಗಳ ಮದುವೆ ಕಾರ್ಡಿಗೆ ಬಂದಿದ್ದರು. ಅದೇ ಅಕ್ಷರ ಬೇಕೆಂದರು. ನಾನು ಕುಡಿಗಳನ್ನೆಲ್ಲ ಕತ್ತರಿಸಿ ತೋರಿಸಿದೆ.

"ಯಾಕ್ ತಗದ್ರಿ? ಬೋಳ ಬೋಳ ಕಾಣತೈತಲ್ರಿ."

ಮತ್ತೆ ಹಾಕಿದೆ. ಅವರು ಖುಷಿಯಿಂದ ಹೋದರು. ನಾನು ಮಾತ್ರ ಆ ಕಾರ್ಡನ್ನು ಬಹಳ ಹೊತ್ತು ಓದುತ್ತ ಕುಳಿತೆ, ಒಂದೊಂದೇ ಅಕ್ಷರ ಕೂಡಿಸಿ.