ಹೆಬ್ಬೆರಳ ಹಿಂದಿನ ತೊಂಬತ್ತಾರು ಸೆಕೆಂಡು

ಬೆಳಗಿನ ಐದೂಕಾಲು. ನಾಗಪುರದ ಧರಮಪೇಠದಲ್ಲಿ, ಹಲ್ಲಿನ ದವಾಖಾನೆಯೊಂದರ ಮೇಲಿನ ಎರಡನೇ ಮಹಡಿಯಲ್ಲಿ, ನೀಲಾಂಬಿಕಾ ಯರಗಟ್ಟಿ ದಿನದ ಮೊದಲ ಕ್ಯಾಸೆಟ್ ಹಾಕುತ್ತಾರೆ.

ಟಿ.ವಿ.ಯಲ್ಲಿ ಹಿಂದಿನ ಸಂಜೆಯ ಕನ್ನಡ ಧಾರಾವಾಹಿ. ಅತ್ತೆ ಏನೋ ಅಂದಿದ್ದಾರೆ, ಸೊಸೆ ಅಳುತ್ತ ಅಡುಗೆಮನೆಗೆ ಬಂದಿದ್ದಾಳೆ. ನೀಲಾಂಬಿಕಾ ಅವರ ಕಣ್ಣು ಸೊಸೆಯ ಮುಖದ ಮೇಲಿಲ್ಲ, ಅವಳ ಬೆನ್ನ ಹಿಂದಿನ ಗೂಡಿನಲ್ಲಿರುವ ಎಣ್ಣೆ ಡಬ್ಬಿಯ ಮೇಲಿದೆ. ಕೊರಳಿಗೆ ಹಾಕಿಕೊಂಡ ಸ್ಟಾಪ್‌ವಾಚನ್ನು ಡಬ್ಬಿ ಕಂಡ ಕೂಡಲೇ ಒತ್ತುತ್ತಾರೆ. ಸೊಸೆ ಸರಿದು ಡಬ್ಬಿ ಮರೆಯಾದಾಗ ಮತ್ತೊಮ್ಮೆ ಒತ್ತುತ್ತಾರೆ. ನಾಲ್ಕು ಸೆಕೆಂಡು. ಕ್ಯಾಸೆಟ್ ಹಿಂದಕ್ಕೆ ಓಡಿಸಿ ಇನ್ನೊಮ್ಮೆ ಅಳೆಯುತ್ತಾರೆ. ಮತ್ತೆ ನಾಲ್ಕೇ. ಆಮೇಲೆ ಹಾಳೆಯಲ್ಲಿ ಬರೆಯುತ್ತಾರೆ.

"ಅಕಿ ಯಾಕ ಅಳಾಕತ್ಯಾಳ ಅಂತ ನನಗ ಗೊತ್ತಿಲ್ರಿ. ಎಣ್ಣಿ ಡಬ್ಬಿ ಮಾತ್ರ ಬರೋಬರ್ ಕಂಡೈತಿ."

ನೀಲಾಂಬಿಕಾ ಅವರಿಗೆ ಐವತ್ತೊಂದು ವರ್ಷ. ಮುಂಬೈಯ ಜಾಹೀರಾತು ಸಮೀಕ್ಷಾ ಸಂಸ್ಥೆಯೊಂದರ ನಾಗಪುರ ಕಚೇರಿಯಲ್ಲಿ ಎಂಟು ವರ್ಷಗಳಿಂದ ಕೆಲಸ ಮಾಡುತ್ತಿದ್ದಾರೆ. ಧಾರಾವಾಹಿಯ ನಡುವೆ ಬರುವ ಜಾಹೀರಾತುಗಳನ್ನು ದಾಖಲಿಸಲು ಬೇರೆ ಪಾಳಿಯವರಿದ್ದಾರೆ. ಇವರ ಪಾಲಿಗೆ ಬಂದಿರುವುದು ಕಥೆಯ ಒಳಗೇ ಕೂತಿರುವ ಜಾಹೀರಾತು: ನಾಯಕ ಓಡಿಸುವ ಸ್ಕೂಟರ್, ಮಾವ ಓದುವ ಪತ್ರಿಕೆ, ಗೋಡೆಯ ಕ್ಯಾಲೆಂಡರ್, ಸ್ನಾನದ ಮನೆಯ ಸಾಬೂನು. ಅದನ್ನು ತೋರಿಸಲೆಂದು ಕಂಪನಿ ಹಣ ಕೊಟ್ಟಿರುತ್ತದೆ. ಎಷ್ಟು ಹೊತ್ತು ತೋರಿಸಿದರು ಎಂಬುದಕ್ಕೆ ನೀಲಾಂಬಿಕಾ ಅವರ ಹಾಳೆಯೇ ಆಧಾರ. ಹಣ ಕೊಡದ ಕಂಪನಿಯ ವಸ್ತುವಾದರೆ ಧಾರಾವಾಹಿಯವರು ಹೆಸರಿನ ಮೇಲೆ ಕರಿಯ ಪಟ್ಟಿ ಅಂಟಿಸುತ್ತಾರೆ. ಫ್ರಿಜ್ಜಿನ ಮೇಲೆ ಅಂಥ ಪಟ್ಟಿ ಕಂಡರೆ ಅದನ್ನೂ ಅವರು ಹಾಳೆಯ ಅಂಚಿನಲ್ಲಿ ಗುರುತು ಮಾಡಿಡುತ್ತಾರೆ.

ರಾತ್ರಿ ಏಳರಿಂದ ಹತ್ತರವರೆಗೆ ಎರಡು ಕನ್ನಡ ವಾಹಿನಿಗಳಲ್ಲಿ ಬರುವ ಧಾರಾವಾಹಿಗಳು ಹನ್ನೆರಡು. ಜಾಹೀರಾತು ಬಿಟ್ಟರೆ ಒಂದೊಂದರಲ್ಲಿ ಇಪ್ಪತ್ತೆರಡು ನಿಮಿಷದ ಕಥೆ. ನೋಡಿ, ಹಿಂದಕ್ಕೆ ಓಡಿಸಿ, ಮತ್ತೆ ನೋಡಿ ಮುಗಿಸುವಷ್ಟರಲ್ಲಿ ಆರೂವರೆ ತಾಸು. ದಿನಕ್ಕೆ ಸರಾಸರಿ ನಲವತ್ತು ದಾಖಲೆ. ಮಧ್ಯಾಹ್ನ ಹನ್ನೆರಡಕ್ಕೆ ವರದಿ ಮುಂಬೈಗೆ ಹೋಗಲೇಬೇಕು.

ಗದಗಿನ ನೀಲಾಂಬಿಕಾ ನಾಗಪುರಕ್ಕೆ ಬಂದದ್ದು 1975ರಲ್ಲಿ, ಮದುವೆಯಾಗಿ. ಪತಿ ಗುಂಡಪ್ಪ ಅಂಬಾಝರಿಯಲ್ಲಿ ಸೇನೆಗೆ ಮದ್ದುಗುಂಡು ತಯಾರಿಸುವ ಆರ್ಡ್‌ನೆನ್ಸ್ ಕಾರ್ಖಾನೆಯಲ್ಲಿ ಮಷಿನಿಸ್ಟ್ ಆಗಿದ್ದವರು, ಮೂರು ವರ್ಷದ ಹಿಂದೆ ನಿವೃತ್ತರಾಗಿದ್ದಾರೆ. 1996ರಲ್ಲಿ ಕನ್ನಡ ಸಂಘದ ನೋಟಿಸ್ ಬೋರ್ಡಿನಲ್ಲಿ ಒಂದು ಚೀಟಿ ಇತ್ತು. ಕನ್ನಡ ಓದಲು ಬರುವವರು ಬೇಕು, ಕೆಲಸ ಟಿ.ವಿ. ನೋಡುವುದು.

"ಎಲ್ಲಾರೂ ನಕ್ಕರು. ಟಿ.ವಿ. ನೋಡಾಕ ಪಗಾರ ಕೊಡ್ತಾರಂತ, ಯಾವನೋ ಮಸ್ಕರಿ ಮಾಡ್ಯಾನ ಅಂದ್ರು. ನಾ ಸುಮ್ಮನ ಫೋನ್ ನಂಬರ್ ಬರಕೊಂಡು ಬಂದೆ."

ಪರೀಕ್ಷೆಗೆ ಹನ್ನೊಂದು ಜನ ಬಂದಿದ್ದರು. ಹತ್ತು ನಿಮಿಷದ ತುಣುಕು ತೋರಿಸಿ, ಅದರಲ್ಲಿ ಕಂಡ ವಸ್ತುಗಳನ್ನು ಬರೆಯಲು ಹೇಳಿದರು. ಉಳಿದವರು ಕಥೆ ನೋಡಿದರು. ನೀಲಾಂಬಿಕಾ ಹದಿನಾಲ್ಕು ವಸ್ತು ಬರೆದು ಕೊಟ್ಟರು.

ಸಂಸ್ಥೆ ಈ ಕೆಲಸಕ್ಕೆ ನಾಗಪುರವನ್ನು ಆರಿಸಿಕೊಂಡದ್ದಕ್ಕೆ ಕಾರಣವಿದೆ. ಬಾಡಿಗೆ ಕಡಿಮೆ. ರೈಲ್ವೆ, ಬ್ಯಾಂಕು, ಕೇಂದ್ರ ಸರ್ಕಾರದ ಕಚೇರಿಗಳಿಂದಾಗಿ ಕನ್ನಡ, ತೆಲುಗು, ತಮಿಳು, ಬಂಗಾಳಿ ಬಲ್ಲವರು ಒಂದೇ ಊರಿನಲ್ಲಿ ಸಿಗುತ್ತಾರೆ. ಒಂದು ಉದ್ದನೆಯ ಕೋಣೆಯಲ್ಲಿ ಆರು ಭಾಷೆಗಳ ಆರು ಮೇಜು, ಆರು ಟಿ.ವಿ. ಎಲ್ಲರ ಕಿವಿಗೂ ಹೆಡ್‌ಫೋನ್.

ಮೊದಲೆಲ್ಲ ಹೆಡ್‌ಫೋನ್ ಇರಲಿಲ್ಲ. ಮೇ ತಿಂಗಳಲ್ಲಿ ಬಿಸಿಲು ನಲವತ್ತಾರು ಡಿಗ್ರಿ ದಾಟಿದಾಗ ಕೂಲರ್ ಹಾಕಿದರೆ ಅದರ ಗದ್ದಲದಲ್ಲಿ ಪಾತ್ರಗಳ ಮಾತು ಕೇಳುತ್ತಿರಲಿಲ್ಲ. ಮಾತಿನ ನಡುವೆ ಕಂಪನಿಯ ಹೆಸರು ಬಂದರೆ ಅದೂ ಲೆಕ್ಕಕ್ಕೆ ಸೇರಬೇಕು. ಹಾಗಾಗಿ ಕೂಲರ್ ಆರಿಸಿ, ಒದ್ದೆ ಟವೆಲ್ ಹೆಗಲಿಗೆ ಹಾಕಿಕೊಂಡು ನಾಲ್ಕು ಬೇಸಿಗೆ ಕಳೆದದ್ದನ್ನು ನೀಲಾಂಬಿಕಾ ನಗುತ್ತಲೇ ಹೇಳುತ್ತಾರೆ. ಕುತ್ತಿಗೆ ನೋವು ಮಾತ್ರ ಉಳಿದುಕೊಂಡಿದೆ. ರಾಮದಾಸಪೇಠದ ವೈದ್ಯರು ಟಿ.ವಿ. ನೋಡುವುದನ್ನು ಕಡಿಮೆ ಮಾಡಿ ಎಂದು ಸಲಹೆ ಕೊಟ್ಟಿದ್ದರಂತೆ.

"ಕೆಲಸಾನೇ ಅದು ಅಂದೆ. ಡಾಕ್ಟರ್ ನನ್ನ ಮುಖ ನೋಡಿದ್ರು, ಆಮ್ಯಾಲ ಕುತ್ತಿಗಿಗೆ ಹಾಕ್ಕೊಳ್ಳೋ ಪಟ್ಟಾ ಬರಕೊಟ್ರು."

ಬೆಳಿಗ್ಗೆ ಗೋಕುಲಪೇಠದ ಮನೆಯಿಂದ ಸ್ಕೂಟರಿನಲ್ಲಿ ತಂದು ಬಿಡುವುದು ಗುಂಡಪ್ಪ ಅವರ ಕೆಲಸ. ಆಮೇಲೆ ಅವರು ಮೂಲೆಯ ಗಾಡಿಯಲ್ಲಿ ತರ್ರಿ ಪೋಹೆ, ಅಂದರೆ ಖಾರದ ಸಾರು ಸುರಿದ ಅವಲಕ್ಕಿ, ತಿಂದು ಮನೆಗೆ ಹೋಗುತ್ತಾರೆ. ಹೆಂಡತಿಯ ವೃತ್ತಿಯ ಬಗ್ಗೆ ಅವರದು ಒಂದೇ ದೂರು.

"ಸಂಘದಾಗ ಹೆಣ್ಮಕ್ಕಳು ಇಕಿನ್ನ ಸುತ್ತುಗಟ್ಟಿ ಕೇಳ್ತಾರ್ರಿ, ಆ ಹುಡಿಗಿ ಮದವಿ ಆತೇನು ಅಂತ. ಇಕಿ ಏನ್ ಹೇಳ್ತಾಳ? ಮದವಿ ಗೊತ್ತಿಲ್ಲ, ಶಾಮಿಯಾನದಾಗ ಬಣ್ಣದ ಕಂಪನಿ ಬೋರ್ಡ್ ಒಂಬತ್ತು ಸೆಕೆಂಡ್ ಇತ್ತು ಅಂತಾಳ."

"ಒಂಬತ್ತಲ್ಲ, ಏಳು," ಎನ್ನುತ್ತಾರೆ ನೀಲಾಂಬಿಕಾ.

ಈ ಕೆಲಸಕ್ಕೆ ಒಂದು ಮುಖ್ಯ ನಿಯಮವಿದೆ. ವಸ್ತು ಕಂಡರೆ ಸಾಲದು, ಅದರ ಹೆಸರು ಓದುವಂತಿರಬೇಕು. ಆ ವಸ್ತುವನ್ನು ಹಿಂದೆಂದೂ ನೋಡದವರಿಗೂ ಇದು ಇಂಥ ಕಂಪನಿಯದು ಎಂದು ತಿಳಿಯಬೇಕು. ಕಳೆದ ಸೆಪ್ಟೆಂಬರಿನಲ್ಲಿ ನೀಲಾಂಬಿಕಾ ತಪ್ಪಿದ್ದು ಈ ನಿಯಮದಲ್ಲಿ.

ಉತ್ತರ ಕರ್ನಾಟಕದ ಒಂದು ಚಹಾಪುಡಿ ಕಂಪನಿ ಧಾರಾವಾಹಿಯೊಂದರ ಜೊತೆ ಮೂರು ತಿಂಗಳ ಒಪ್ಪಂದ ಮಾಡಿಕೊಂಡಿತ್ತು. ಒಟ್ಟು ಆರುನೂರು ಸೆಕೆಂಡು ಪ್ಯಾಕೆಟ್ ಕಾಣಬೇಕು. ಕರಾರಿನ ಕಾರಣ ಕಂಪನಿ, ಧಾರಾವಾಹಿ ಎರಡರ ಹೆಸರನ್ನೂ ಸಂಸ್ಥೆ ಹೇಳುವುದಿಲ್ಲ. ಅವಧಿ ಮುಗಿದಾಗ ನೀಲಾಂಬಿಕಾ ಅವರ ಹಾಳೆಗಳ ಮೊತ್ತ 612 ಸೆಕೆಂಡು ಇತ್ತು. ಕಂಪನಿ ಅದನ್ನು ಒಪ್ಪಲಿಲ್ಲ. ನಮಗೆ ಇಷ್ಟು ಕಂಡಿಲ್ಲ ಎಂದು ಪತ್ರ ಬರೆಯಿತು.

ಮುಂಬೈ ಕಚೇರಿ ಮರುಎಣಿಕೆಗೆ ಆದೇಶಿಸಿತು. ನಾಗಪುರ ಒಮ್ಮೆ ಎಣಿಸಿ ಮುಚ್ಚಿದ ಲಕೋಟೆಯಲ್ಲಿ ಕಳಿಸಬೇಕು, ಮುಂಬೈಯಲ್ಲಿ ಇಬ್ಬರು ಬೇರೆಯಾಗಿ ಎಣಿಸುತ್ತಾರೆ. ಮೊದಲ ವರದಿಗೂ ಅವರ ಲೆಕ್ಕಕ್ಕೂ ನೂರಕ್ಕೆ ಐದಕ್ಕಿಂತ ಹೆಚ್ಚು ವ್ಯತ್ಯಾಸ ಬಂದರೆ ಕನ್ನಡ ವಿಭಾಗವನ್ನು ಬೆಂಗಳೂರಿಗೆ ಒಯ್ಯುವ ವಿಚಾರವಿದೆ ಎಂದೂ ಆದೇಶದಲ್ಲಿತ್ತು. ವಿಭಾಗ ಬೆಂಗಳೂರಿಗೆ ಹೋದರೆ ನೀಲಾಂಬಿಕಾ ಅವರ ಕೆಲಸವೂ ಹೋಗುತ್ತದೆ.

ಅರವತ್ತೈದು ಕಂತು, ಗುರುತು ಹಾಕಿದ 143 ದೃಶ್ಯ. ದಿನದ ವರದಿ ಕಳಿಸಿದ ಮೇಲೆ ಮಧ್ಯಾಹ್ನ ಕೂತು ಅವರು ಒಂದೊಂದನ್ನೇ ಮತ್ತೆ ಅಳೆದರು. ಮೊದಲ ಎರಡು ದಿನ ಹಳೆಯ ಅಂಕಿಗಳೇ ಬಂದವು.

ಮೂರನೆಯ ದಿನ ಮೇಲ್ವಿಚಾರಕಿ ಮೃದುಲಾ ದೇಶ್‌ಕರ್ ಬಂದು ನೀಲಾಂಬಿಕಾ ಅವರ ಕುರ್ಚಿಯ ಹಿಂದೆ ನಿಂತರು. ಮೂವತ್ತು ದಾಟಿದ ಮೃದುಲಾ ನಾಗಪುರದವರೇ. ಕಚೇರಿಯಲ್ಲಿ ಎಲ್ಲರಂತೆ ಅವರೂ ನೀಲಾಂಬಿಕಾ ಅವರನ್ನು ಮರಾಠಿಯಲ್ಲಿ ಕಾಕು, ಅಂದರೆ ಚಿಕ್ಕಮ್ಮ, ಎಂದು ಕರೆಯುತ್ತಾರೆ. ನಾಯಕಿ ಚಹಾದ ಪ್ಯಾಕೆಟ್ ಹಿಡಿದು ನಿಂತಿದ್ದ ಚಿತ್ರವನ್ನು ನೀಲಾಂಬಿಕಾ ತಡೆದು ನಿಲ್ಲಿಸಿದ್ದರು.

"ಕಾಕು, ಯೇ ಕೌನಸಾ ಬ್ರ್ಯಾಂಡ್ ಹೈ?" ಇದು ಯಾವ ಕಂಪನಿಯದು ಎಂದು ಮೃದುಲಾ ಹಿಂದಿಯಲ್ಲಿ ಸಹಜವಾಗಿ ಕೇಳಿದರು.

ನೀಲಾಂಬಿಕಾ ತಮ್ಮೂರ ಚಹಾದ ಹೆಸರು ಹೇಳಿದರು.

"ಲಿಖಾ ಕಹಾಂ ಹೈ?"

ಎಲ್ಲಿ ಬರೆದಿದೆ? ನೀಲಾಂಬಿಕಾ ಕನ್ನಡಕ ಒರೆಸಿಕೊಂಡು ನೋಡಿದರು. ಎಲ್ಲಿಯೂ ಇರಲಿಲ್ಲ. ಹೆಸರಿದ್ದ ಜಾಗದ ಮೇಲೆ ನಾಯಕಿಯ ಹೆಬ್ಬೆರಳು ಇತ್ತು. ಕಾಣುತ್ತಿದ್ದದ್ದು ಕೆಂಪು ಕಾಗದ ಮತ್ತು ಅದರ ಮೇಲಿನ ಹಳದಿ ಗೆರೆ.

ಆ ಕೆಂಪು ಪ್ಯಾಕೆಟ್ ನಾಗಪುರದ ಅಂಗಡಿಗಳಲ್ಲಿ ಸಿಗುವುದಿಲ್ಲ. ಗದಗಿನಲ್ಲಿರುವ ಅಣ್ಣ ವರ್ಷಕ್ಕೆರಡು ಸಲ ಕಳಿಸುವ ಗಂಟಿನಲ್ಲಿ ಶೇಂಗಾ ಚಟ್ನಿ, ಕಟಕ ರೊಟ್ಟಿಯ ಜೊತೆ ಹತ್ತು ಪ್ಯಾಕೆಟ್ ಬರುತ್ತವೆ. ಇಪ್ಪತ್ತೊಂಬತ್ತು ವರ್ಷಗಳಿಂದ ನೀಲಾಂಬಿಕಾ ಬೆಳಿಗ್ಗೆ ಎದ್ದು ಮೊದಲು ಕೈಗೆ ತೆಗೆದುಕೊಳ್ಳುವ ವಸ್ತು ಅದು.

"ನನಗ ಹೆಸರು ಓದೋದ ಬೇಕಾಗಿರಲಿಲ್ರಿ. ಬಣ್ಣ ಕಂಡ ಕೂಡ್ಲೇ ಕೈ ತಾನಾಗೇ ಗಡಿಯಾರ ಒತ್ತಿಬಿಟ್ಟಿತ್ತು. ನಮ್ಮ ಮನಿ ಚಹಾ ಅಲ್ಲೇನು, ನಾ ಅದನ್ನ ಕತ್ತಲ್ಯಾಗೂ ಗುರ್ತು ಹಿಡಿತೇನಿ."

ಆ ಮಧ್ಯಾಹ್ನ ಅವರು ಪರೀಕ್ಷೆಯ ಕ್ರಮವನ್ನೇ ಬದಲಿಸಿದರು. ಪ್ರತಿ ದೃಶ್ಯವನ್ನೂ ಮೃದುಲಾ ಅವರಿಗೆ ತೋರಿಸಿ, ಎಲ್ಲಿ ಬರೆದಿದೆ ಎಂದು ಅವರು ಬೆರಳಿಟ್ಟು ತೋರಿಸಿದರೆ ಮಾತ್ರ ಸೆಕೆಂಡು ಎಣಿಸಿದರು. ಹದಿನೇಳು ದೃಶ್ಯಗಳಲ್ಲಿ ಮೃದುಲಾ ತೋರಿಸಲಾರದೆ ಹೋದರು. ಆ ಹದಿನೇಳರ ಒಟ್ಟು ಅವಧಿ ತೊಂಬತ್ತಾರು ಸೆಕೆಂಡು. 612 ಇದ್ದದ್ದು 516 ಆಯಿತು. ವ್ಯತ್ಯಾಸ ಐದಲ್ಲ, ನೂರಕ್ಕೆ ಹದಿನೈದನ್ನೂ ದಾಟಿತ್ತು.

ಮೃದುಲಾ ಲೆಕ್ಕ ನೋಡಿ ಬಾಗಿಲು ಮುಚ್ಚಿದರು ಎಂದು ನೀಲಾಂಬಿಕಾ ನೆನೆಯುತ್ತಾರೆ. ಹದಿನೇಳನ್ನು ಅಸ್ಪಷ್ಟ ದೃಶ್ಯ ಎಂದು ಬರೆದರೆ ಸಾಕು, ಅವು ವ್ಯತ್ಯಾಸದ ಲೆಕ್ಕಕ್ಕೆ ಬರುವುದಿಲ್ಲ, ಹಾಗೆ ಬರೆಯಲು ನಿಯಮದಲ್ಲಿ ಅವಕಾಶವಿದೆ, ತಪ್ಪು ಎಂದು ಯಾಕೆ ಬರೆಯಬೇಕು ಎಂದು ಅವರು ಕೇಳಿದ್ದರು.

"ನನಗಾಗೇ ಹೇಳಿದ್ಲು ಆ ಹುಡಿಗಿ, ಭಾಳ ಚಲೋ ಮನಸು. ಆದ್ರ ಅಸ್ಪಷ್ಟ ಅಂದ್ರ ಏನ್ರಿ? ಒಂದಿಷ್ಟು ಕಾಣತೈತಿ, ಒಂದಿಷ್ಟು ಕಾಣೂದಿಲ್ಲ ಅಂತ. ಇಲ್ಲಿ ಏನೂ ಕಾಣೂದಿಲ್ಲ. ಕಂಡಿದ್ದು ನನ್ನ ಅಡಗಿಮನಿ."

ಮೃದುಲಾ ಈ ಮಾತನ್ನು ಅಲ್ಲಗಳೆಯುವುದಿಲ್ಲ. "ನಾನು ಹೆದರಿದ್ದೆ," ಎನ್ನುತ್ತಾರೆ ಹಿಂದಿಯಲ್ಲಿ. "ಕಾಕು ಹೋದರೆ ಹೊಸಬರಿಗೆ ಕಲಿಸೋರು ಯಾರು? ಬೇರೆ ಐದು ಭಾಷೆಯವರಿಗೂ ಮೊದಲ ವಾರ ಪಾಠ ಹೇಳೋದು ಇವರೇ."

ನೀಲಾಂಬಿಕಾ ಸಂಜೆ ಮನೆಯಲ್ಲಿ ವಿಷಯ ತಿಳಿಸಿದರು. ಗುಂಡಪ್ಪ ಕೇಳಿದರಂತೆ: "ಮೂವತ್ತು ವರ್ಷ ನಾನೂ ಅದೇ ಚಹಾ ಕುಡದೀನಿ. ನಿನ್ನ ತಪ್ಪಿನಾಗ ನಂದೂ ಪಾಲು ಐತೇನು?"

"ಇಪ್ಪತ್ತೊಂಬತ್ತು," ಎಂದರಂತೆ ಹೆಂಡತಿ.

ಮರುದಿನ ಬೆಳಿಗ್ಗೆ ಅವರು ಒಂದು ಪುಟದ ಟಿಪ್ಪಣಿ ಬರೆದರು. ಹದಿನೇಳು ದೃಶ್ಯಗಳ ದಿನಾಂಕ, ಸಮಯ, ಸೆಕೆಂಡು. ಕೆಳಗೆ ಕಾರಣ: ಈ ವಸ್ತುವನ್ನು ನಾನು ಮನೆಯಲ್ಲಿ ಬಳಸುತ್ತೇನೆ, ಹೆಸರು ಕಾಣದಿದ್ದರೂ ಬಣ್ಣದಿಂದ ಗುರುತಿಸಿದ್ದೇನೆ, ಎಣಿಕೆ ತಪ್ಪಾಗಿದೆ. ಮೃದುಲಾ ಅದನ್ನು ಇಂಗ್ಲಿಷಿಗೆ ತರ್ಜುಮೆ ಮಾಡಿ ಲಕೋಟೆಯಲ್ಲಿಟ್ಟರು.

ಉತ್ತರ ಬರಲು ಹತ್ತೊಂಬತ್ತು ದಿನ ಹಿಡಿಯಿತು. ಆ ಹತ್ತೊಂಬತ್ತು ದಿನವೂ ನೀಲಾಂಬಿಕಾ ಐದೂಕಾಲಿಗೆ ಬಂದರು. ಎರಡು ಸಲ ಮೇಜಿನ ಖಾನೆ ಖಾಲಿ ಮಾಡಿ ಮತ್ತೆ ತುಂಬಿದ್ದನ್ನು ಪಕ್ಕದ ಮೇಜಿನವರು ನೋಡಿದ್ದಾರೆ. ಕೇಳಿದರೆ, "ಧೂಳಾಗಿತ್ತು" ಎನ್ನುತ್ತಾರೆ.

ಅಕ್ಟೋಬರ್ 14ರಂದು ಪತ್ರ ಬಂತು. ಮುಂಬೈಯ ಇಬ್ಬರೂ ಎಣಿಸಿ ಒಪ್ಪಿದ ಅಂಕಿ 513. ನೀಲಾಂಬಿಕಾ ತಿದ್ದಿ ಕಳಿಸಿದ ಅಂಕಿಗೂ ಅದಕ್ಕೂ ಮೂರೇ ಸೆಕೆಂಡಿನ ವ್ಯತ್ಯಾಸ. ಮೊದಲ ವರದಿ ತಪ್ಪು ಎಂದು ಅವರ ಕಡತದಲ್ಲಿ ದಾಖಲಾಗಿದೆ. ತಪ್ಪು ಹೇಗಾಯಿತೆಂದು ಇಷ್ಟು ಖಚಿತವಾಗಿ ಹೇಳಬಲ್ಲವರು ಇರುವಲ್ಲಿಂದ ವಿಭಾಗವನ್ನು ಕದಲಿಸುವ ಅಗತ್ಯವಿಲ್ಲ ಎಂಬ ಸಾಲೂ ಅದೇ ಪತ್ರದಲ್ಲಿದೆ.

ಪತ್ರದ ಜೊತೆ ಹೊಸ ನಿಯಮವೊಂದು ಬಂದಿದೆ. ಈಗ ಆರೂ ಭಾಷೆಗಳ ಮೇಜಿನವರು ತಮ್ಮ ಮನೆಯಲ್ಲಿ ಬಳಸುವ ವಸ್ತುಗಳ ಪಟ್ಟಿ ಬರೆದುಕೊಡಬೇಕು. ಪಟ್ಟಿಯಲ್ಲಿರುವ ವಸ್ತು ತೆರೆಯ ಮೇಲೆ ಬಂದರೆ ಅದನ್ನು ಬೇರೆ ಮೇಜಿನವರು ಎಣಿಸಬೇಕು. ನೀಲಾಂಬಿಕಾ ಅವರ ಪಟ್ಟಿಯಲ್ಲಿ ಇಪ್ಪತ್ಮೂರು ವಸ್ತುಗಳಿವೆ. ಗುಂಡಪ್ಪ ಅವರ ಕ್ಷೌರದ ಬ್ಲೇಡನ್ನೂ ಬಿಟ್ಟಿಲ್ಲ.

ಇನ್ನು ನಾಲ್ಕು ವರ್ಷ ಕೆಲಸ ಮಾಡುವ ಆಸೆ ಅವರಿಗಿದೆ. ಅಷ್ಟರಲ್ಲಿ ಕ್ಯಾಸೆಟ್ ಹೋಗಿ ಎಲ್ಲ ಕಂಪ್ಯೂಟರಿಗೆ ಬರುತ್ತದಂತೆ, ಅದನ್ನೂ ಕಲಿಯುವುದಾಗಿ ಹೇಳುತ್ತಾರೆ.

"ದೊಡ್ಡ ಕೆಲಸ ಏನಲ್ಲ ಬಿಡ್ರಿ. ಆದ್ರ ನಾ ನಾಲ್ಕು ಅಂದ್ರ ನಾಲ್ಕ ಇರಬೇಕು."

ಧಾರಾವಾಹಿಯವರು ಚಹಾ ಕಂಪನಿಗೆ ಇನ್ನೂ ಎಂಬತ್ತೇಳು ಸೆಕೆಂಡು ತೋರಿಸಬೇಕಾಗಿತ್ತು. ನವೆಂಬರ್ ಮೊದಲ ಎರಡು ವಾರಗಳ ಕಂತುಗಳಲ್ಲಿ ಆ ಮನೆಯವರು ಹದಿನಾರು ಸಲ ಚಹಾ ಮಾಡಿದರು. ನಾಯಕಿ ಪ್ಯಾಕೆಟ್ಟನ್ನು ಪ್ರತಿ ಸಲವೂ ಕೆಳಗಿನಿಂದ ಹಿಡಿದಿದ್ದಳು. ಆ ದೃಶ್ಯಗಳನ್ನು ತೆಲುಗು ಮೇಜಿನ ಬಿಂದುಮಾಧವ ರಾವ್ ಎಣಿಸಿದರು. ತೊಂಬತ್ತೊಂದು ಸೆಕೆಂಡು ಬಂತು.