ತುಂಬೆ ರಸವೂ ಎರಡು ತಾಸಿನ ಮೌನವೂ

ಇವತ್ತು ಬೆಳಿಗ್ಗೆ ಹಿತ್ತಲಲ್ಲಿ ಕಳೆ ಕೀಳುತ್ತಿದ್ದಾಗ ಒಂದು ತುಂಬೆ ಗಿಡ ಕೈಗೆ ಬಂತು. ಸುಮ್ಮನೆ ಎಲೆ ತಿಕ್ಕಿ ಮೂಸಿದೆ. ಹನ್ನೆರಡು ವರ್ಷದ ಹಿಂದಿನ ಒಂದು ಭಾನುವಾರ ಮೂಗಿನಿಂದ ಸೀದಾ ನೆತ್ತಿಗೇರಿತು. ಅದರ ಬೆನ್ನಿಗೇ ನನ್ನ ಹಳೆಯ ನೋವೂ ಬಂದು ಎಡಗಣ್ಣಿನ ಮೇಲೆ ಕೂತಿತು.

ಇದಕ್ಕೆ ಅರೆತಲೆನೋವು ಎಂದು ಹೆಸರಿಟ್ಟವರಿಗೆ ಅದು ಎಂದೂ ಬಂದಿರಲಿಕ್ಕಿಲ್ಲ, ನೋಡಿ. ಅರ್ಧ ತಲೆ ನೋಯುವಾಗ ಉಳಿದರ್ಧ ಸುಖವಾಗಿರುತ್ತದೆ ಎಂದು ನಂಬಿದ ಜನ ಅವರು. ಡಾಕ್ಟರರು ಮೈಗ್ರೇನ್ ಅಂದರು. ಗುಳಿಗೆ ಬರೆದುಕೊಟ್ಟು, ಹೊತ್ತಿಗೆ ಸರಿಯಾಗಿ ಉಣ್ಣು, ಹೊತ್ತಿಗೆ ಮಲಗು, ಬಿಸಿಲು ಬೇಡ, ಗದ್ದಲ ಬೇಡ ಅಂದರು. ಇಷ್ಟು ಸರಳವಾದ ಮಾತನ್ನು ಬೈಲಹೊಂಗಲದ ನಮ್ಮ ಓಣಿ ಒಪ್ಪೀತೇ? ಒಬ್ಬರು ಹಣೆಗೆ ಸುಂಠಿ ತೇಯ್ದು ಹಚ್ಚಿಸಿದರು, ಇನ್ನೊಬ್ಬರು ತಲೆಗೆ ಬಟ್ಟೆ ಬಿಗಿಸಿದರು. ಸೂರ್ಯ ಹುಟ್ಟುವ ಮೊದಲು ಹಾಲಿನಲ್ಲಿ ಜಿಲೇಬಿ ಅದ್ದಿ ತಿನ್ನಬೇಕೆಂದು ಮತ್ತೊಬ್ಬರ ಅಪ್ಪಣೆ. ಈ ಔಷಧವನ್ನು ಮಾತ್ರ, ತಲೆನೋವೆಂದರೇನೆಂದೇ ಅರಿಯದ ನಮ್ಮಪ್ಪ, ನನಗೆ ಜೊತೆಯಾಗಿರಲೆಂದು ಹನ್ನೊಂದು ದಿನ ತಪ್ಪದೆ ತಿಂದರು.

ಆಗಲೇ ಕಿತ್ತೂರಿನಿಂದ ನನಗೊಂದು ಸಂಬಂಧ ಬಂದಿತ್ತು. ಮುಂದಿನ ಶುಕ್ರವಾರ ನೋಡಲು ಬರುವವರಿದ್ದರು. ತಲೆನೋವಿನ ಸುದ್ದಿ ಅವರ ಕಿವಿಗೆ ಬೀಳಕೂಡದೆಂದು ಮನೆಯಲ್ಲಿ ಠರಾವಾಯಿತು. ಹಿಂದೆ ಎರಡು ಸಂಬಂಧ ಅದರಿಂದಲೇ ಮುರಿದಿದ್ದವು. ನನಗೋ ಒಳಗೊಳಗೇ ಅಂಜಿಕೆ. ಮುಚ್ಚಿಟ್ಟು ಮದುವೆಯಾದರೆ, ಹಾಡುಹಗಲೇ ಕತ್ತಲು ಮಾಡಿಕೊಂಡು ಮಲಗುವ ಸೊಸೆಯನ್ನು ಅವರು ಏನೆಂದುಕೊಂಡಾರು?

ಪರಿಹಾರ ಹೊತ್ತು ಬಂದವಳು ನೀಲವ್ವ ದೊಡ್ಡವ್ವ, ಅವ್ವನ ಅಕ್ಕ, ರಾಮದುರ್ಗದ ಕಡೆಯ ಸಾಲಹಳ್ಳಿಯವಳು. ಅವಳೂರಿನಲ್ಲಿ ಒಬ್ಬ ಅಜ್ಜ ಭಾನುವಾರಕ್ಕೊಮ್ಮೆ ಮೂಗಿಗೆ ತುಂಬೆ ರಸ ಬಿಡುತ್ತಿದ್ದ.

"ಒಂದ ಪಥ್ಯ ಐತಿ," ಎಂದಳು ದೊಡ್ಡವ್ವ. "ರಸ ಬಿಡಿಸ್ಕೊಂಡ ಮ್ಯಾಲ ನಿಮ್ಮ ಮನಿ ಹೊಸ್ತಿಲಾ ದಾಟೂತನಾ ತುಟಿ ಪಿಟಕ್ ಅನ್ನಂಗಿಲ್ಲ. ಮಾತಾಡಿದಿ ಅಂದ್ರ ಬ್ಯಾನಿ ಹೊಳ್ಳಿ ಬರತೈತಿ. ಬರೂವಾಗ ತನ್ನ ತಂಗೀನೂ ಕರಕೊಂಡ ಬರತೈತಿ."

ಆ ಭಾನುವಾರ ಸಾಲಹಳ್ಳಿಯಲ್ಲಿ ಅಜ್ಜ ರಸ ಬಿಟ್ಟ. ನನ್ನ ಮೂಗಿನಲ್ಲಿ ಖಾರ ಕುಟ್ಟುವ ಗಿರಣಿ ಶುರುವಾಯಿತು. ಅಯ್ಯಯ್ಯೋ ಎನ್ನಲೂ ಅನುಮತಿ ಇಲ್ಲ. ಅಜ್ಜನ ಮುಂದೆ ಒಂದು ತೆಂಗಿನಕಾಯಿ ಇಟ್ಟು, ರಾಮದುರ್ಗಕ್ಕೆ ಬಂದು ಬೈಲಹೊಂಗಲದ ಬಸ್ಸು ಹತ್ತಿದೆವು.

ನಮ್ಮ ಕಡೆಯ ಬಸ್ಸಿನಲ್ಲಿ ಮಾತಾಡದೆ ಕೂರುವುದೆಂದರೆ ಎಂಥ ತಪಸ್ಸೆಂದು ನಿಮಗೆ ಗೊತ್ತಿದೆಯಲ್ಲ? ಸಿರಸಂಗಿಯ ಕಾಳಿಕಾದೇವಿಗೆ ಕೈಮುಗಿದು ಬಂದ ಹೆಂಗಸೊಬ್ಬರು ನಡುದಾರಿಯಲ್ಲಿ ಹತ್ತಿ ನನ್ನ ಎಡಕ್ಕೆ ಕೂತರು. "ಯಾವೂರವಾ ತಂಗಿ ನಿಂದು?" ಎಂದರು. ಲಾರಿಗಳ ಸದ್ದಿನ ಮೇಲೆ ಮಾತಾಡಿ ರೂಢಿಯಾದ ಕಂಠ. ಮುಂದಿನಿಂದ ಡ್ರೈವರ್ ತನ್ನ ಊರು ಹೇಳಿದ. ನಾನು ನಕ್ಕೆ. ಬಲಗಡೆಯಿಂದ ದೊಡ್ಡವ್ವ, "ಬೈಲಹೊಂಗಲರಿ. ಆಕೀದು ಮಾತ ಕಡಿಮಿ," ಎಂದಳು.

ಅವರು ಕಿತ್ತೂರಿನವರು, ಮನೆ ಹೆದ್ದಾರಿಯ ಮಗ್ಗುಲಿಗೆ, ಶುಕ್ರವಾರ ಮಗನಿಗೆ ಬೈಲಹೊಂಗಲದಲ್ಲಿ ಹುಡುಗಿ ನೋಡುವುದಿದೆ ಎಂದು ತಿಳಿಯಲು ಐದು ನಿಮಿಷವೂ ಬೇಕಾಗಲಿಲ್ಲ. ದೊಡ್ಡವ್ವ ನನ್ನ ಕಾಲು ತುಳಿದಳು. ಅದಕ್ಕೂ ನಾನು ಕೂಗುವಂತಿರಲಿಲ್ಲ. ನಡುವೆ ಬಸ್ಸಿನ ಗಾಲಿ ಪಂಕ್ಚರ್ ಆಯಿತು. ಎಲ್ಲ ಸೇರಿ ಎರಡು ತಾಸು, ಎಮ್ಮೆ ಈದದ್ದು, ನಾದಿನಿ ಜಗಳ ತೆಗೆದದ್ದು, ಗಂಡ ಸತ್ತ ವರ್ಷದ ಪಾಡು ಎಲ್ಲವನ್ನೂ ಅವರು ನನ್ನ ಎಡಗಿವಿಗೆ ಸುರಿದರು. ಮೂಗಿನ ಉರಿಗೆ ನನ್ನ ಕಣ್ಣಿಂದ ನೀರು ಧಾರೆಯಾಗಿ ಇಳಿಯುತ್ತಿತ್ತು. ತಮ್ಮ ಕಷ್ಟ ಕೇಳಿ ಅಳುತ್ತಿದ್ದಾಳೆ ಎಂದು ಅವರು ತಿಳಿದರು. ಕೊನೆಗೆ ದೊಡ್ಡವ್ವನಿಗೆ ತಡೆಯಲಾಗಲಿಲ್ಲ.

"ನೀವ ನೋಡಾಕ ಬರೂ ಹುಡುಗಿ ಈಕಿನರಿ."

"ಯವ್ವಾ ನಮ್ಮವ್ವಾ! ಎರಡ ತಾಸಿನ್ಯಾಗ ಒಂದರ ಮಾತ ಎದರಾಡಲಿಲ್ಲಲ್ಲ!" ಅವರು ನನ್ನ ಗದ್ದ ಹಿಡಿದರು. "ನನಗ ಇಂಥಾ ಸೊಸೀನ ಬೇಕಾಗಿತ್ತು ನೋಡ್ರಿ."

ಶುಕ್ರವಾರ ಬಂತು. ಬಾಯಿ ಮಾತ್ರ ಬಿಡಬೇಡ ಎಂದು ಮನೆಯವರೆಲ್ಲ ಸರದಿಯ ಮೇಲೆ ಬಂದು ಹೇಳಿದರು. ಅವತ್ತೇ ನನ್ನ ತಲೆ ಸಿಡಿಯುತ್ತಿತ್ತು. ತುಂಬೆ ರಸದ ಬಗ್ಗೆ ಇದಕ್ಕಿಂತ ಹೆಚ್ಚು ಹೇಳಲಾರೆ. ಉಪ್ಪಿಟ್ಟಿನ ತಟ್ಟೆ ಹಿಡಿದು ಹೊರಬಂದರೆ ಪಡಸಾಲೆಯ ತುಂಬ ಅದೇ ಕಂಠ. ಹುಡುಗ ನನ್ನ ಮುಖ ನೋಡಿ, "ನಿಮಗ ಏನರ ಹೇಳೂದೈತೇನ್ರಿ?" ಎಂದ. ನಮ್ಮ ಮನೆಯವರೆಲ್ಲ ನನ್ನ ಪರವಾಗಿ ಇಲ್ಲವೆಂದು ತಲೆಯಾಡಿಸಿದರು. ನಾನು ತಟ್ಟೆ ಕೆಳಗಿಟ್ಟೆ.

"ನನಗ ಅರ್ಧ ತಲಿಬ್ಯಾನಿ ಐತ್ರಿ. ಬಂದ್ರ ಕತ್ತಲ ಖೋಲ್ಯಾಗ ಮಕ್ಕೋಬೇಕು. ಈಗೂ ಬಂದೈತಿ. ನಿಮ್ಮ ಅವ್ವಾರಿಗೆ ಸ್ವಲ್ಪ ಸಾವಕಾಶ ಮಾತಾಡಾಕ ಹೇಳ್ರಿ."

ಅವ್ವ ಗೋಡೆ ಹಿಡಿದು ನಿಂತಳು. ಹುಡುಗನ ತಾಯಿ ತೆರೆದ ಬಾಯಿ ಹಾಗೇ ಉಳಿಯಿತು. ಆಮೇಲೆ ಎದ್ದು ನನ್ನ ಹತ್ತಿರ ಬಂದರು.

"ಜಿಲೇಬಿ ತಿಂದೀಯೇನವಾ?"

ನಮ್ಮ ಸೀಮೆಯಲ್ಲಿ ಬೇನೆಯ ಹೆಸರು ಕೇಳಿ ಔಷಧ ಹೇಳದೆ ಎದ್ದುಹೋದವರು ಇನ್ನೂ ಹುಟ್ಟಿಲ್ಲ. ಹುಡುಗನ ಕಾಕಾ ಬೆಳ್ಳುಳ್ಳಿ ಅಂದರು. ನಮ್ಮಪ್ಪ ಜಿಲೇಬಿಯ ಪರ ನಿಂತರು. ವಾದ ಏರಿತು; ನಾನು ಒಳಗೆ ಹೋಗಿ ಮಲಗಿದೆ. ಎಚ್ಚರವಾದಾಗ ಮದುವೆ ನಿಶ್ಚಯವಾಗಿತ್ತು. ಬೆಳ್ಳುಳ್ಳಿಯ ಪ್ರಶ್ನೆ ಮಾತ್ರ ಇತ್ಯರ್ಥವಾಗಿರಲಿಲ್ಲ.

ಹೀಗೆ ನಾನು ಕಿತ್ತೂರಿನ ಅತಿ ಗದ್ದಲದ ಮನೆಗೆ ಸೊಸೆಯಾಗಿ ಬಂದೆ. ಹೊತ್ತಿಗೆ ಊಟ, ಹೊತ್ತಿಗೆ ನಿದ್ದೆ, ಹಣೆಗೆ ತಣ್ಣೀರ ಬಟ್ಟೆ, ಕತ್ತಲೆ ಕೋಣೆ. ಕೊನೆಗೆ ಮೈಗೆ ಹಿಡಿಸಿದ್ದು ಡಾಕ್ಟರರ ಆ ಸಪ್ಪೆ ಮಾತೇ. ನೋವು ಬರುವುದು ಈಗ ಅಪರೂಪ. ಬಂದ ದಿನ ಅತ್ತೆ ಬಾಗಿಲಲ್ಲಿ ನಿಂತು ಸೊಪ್ಪು ಮಾರುವವಳಿಗೆ, "ಗದ್ಲಾ ಮಾಡಬ್ಯಾಡ್ರಿ! ನಮ್ಮ ಸೊಸಿಗೆ ತಲಿಬ್ಯಾನಿ!" ಎಂದು ಕೂಗುತ್ತಾರೆ. ಆ ಕೂಗಿಗೆ ಹೆದ್ದಾರಿಯ ಲಾರಿಗಳೂ ನಿಧಾನಿಸುತ್ತವೆ ಎಂದು ನನ್ನ ಗಂಡನ ಅಂಬೋಣ.

ಇವತ್ತು ಹಿತ್ತಲಿನಿಂದ ಬಂದು ಕತ್ತಲೆ ಕೋಣೆಯಲ್ಲಿ ಮಲಗಿದರೆ ಆ ಕೂಗು ಕೇಳಲಿಲ್ಲ. ಬಹಳ ಹೊತ್ತು ಕೇಳಲಿಲ್ಲ. ಹೆದರಿ ಎದ್ದು ಹೊರಬಂದೆ. ಅತ್ತೆ ಹೊಸ್ತಿಲ ಮೇಲೆ ಕೂತಿದ್ದರು, ಸೆರಗನ್ನು ಬಾಯಿಗೆ ಬಿಗಿಯಾಗಿ ಸುತ್ತಿಕೊಂಡು. ಮಗ್ಗುಲಲ್ಲಿ ನಾನು ಹಿತ್ತಲಲ್ಲಿ ಬಿಟ್ಟುಬಂದ ತುಂಬೆ ಗಿಡ. ಬಸ್ಸಿನ ಆ ಮೌನದ ಗುಟ್ಟನ್ನು ಮೊನ್ನೆಯಷ್ಟೇ ಅವರಿಗೆ ಹೇಳಿ ನಗಿಸಿದ್ದೆ. ಈಗ ನನ್ನ ಪಥ್ಯವನ್ನು ಅವರು ಹಿಡಿದಿದ್ದರು. ಮಾತಿಲ್ಲದ ಅತ್ತೆ ಇಷ್ಟು ಸಣ್ಣಗೆ ಕಾಣುತ್ತಾರೆಂದು ನನಗೆ ಗೊತ್ತಿರಲಿಲ್ಲ. ಕಣ್ಣಿಗೆ ನೀರು ಬಂತು, ಈ ಸಲ ಮೂಗಿನ ದೆಸೆಯಿಂದಲ್ಲ.

ಅವರು ಹುಬ್ಬೆತ್ತಿ, ಹೇಗಿದೆ ಎಂದು ಸನ್ನೆ ಮಾಡಿದರು.

"ಪೂರಾ ಹೋತರಿ. ಇನ್ನ ಮಾತಾಡ್ರಿ," ಎಂದು ಎಡಗಿವಿ ಅವರ ಕಡೆಗಾಗುವಂತೆ ಅವರ ಬಲಕ್ಕೆ ಕೂತೆ. ಅತ್ತೆ ಸೆರಗು ಬಿಚ್ಚಿ ಶುರು ಮಾಡಿದರು. ಎಡಗಣ್ಣಿನ ಮೇಲೆ ಇನ್ನೂ ಕಾಲು ತಲೆನೋವು ಇತ್ತು. ಹೇಳಲಿಲ್ಲ.